ಖಾಲಿ ಮಣೆ ತುಂಬಿಸಿದವಳು

ಹಾಲಾಡಿ ರಸ್ತೆಯ ಗೇರುಬೀಜದ ಕಾರ್ಖಾನೆಗೆ ಮ್ಯಾನೇಜರ್ ಆಗಿ ಬಂದಾಗ ನಾನು ತಂದದ್ದು ಎರಡು ಸೂಟ್‌ಕೇಸ್, ಜೊತೆಗೆ ಎಲ್ಲವನ್ನೂ ಸರಿಮಾಡಿಬಿಡುತ್ತೇನೆಂಬ ಹಮ್ಮು. ಕೋಟದಲ್ಲಿ ಬಾಡಿಗೆ ಕೋಣೆ, ಒಬ್ಬಳೇ. ಮಾತಾಡಲು ಯಾರೂ ಇಲ್ಲದವಳಿಗೆ ಯಾರು ಎಲ್ಲಿ ಕೂರಬೇಕು, ಎಷ್ಟು ಸುಲಿಯಬೇಕು ಎಂಬ ಚಾರ್ಟ್ ಬರೆಯಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಸಿಪ್ಪೆ ತೆಗೆಯುವ ಹಾಲ್‌ನಲ್ಲಿ ಹೆಂಗಸರು ಸಾಲಾಗಿ ಮಣೆಗಳ ಮೇಲೆ ಕೂರುತ್ತಿದ್ದರು. ಯಾರಾದರೂ ಬಾರದಿದ್ದರೆ ಅವಳ ಮಣೆ ಖಾಲಿಯೇ ಇರುತ್ತಿತ್ತು. ಅವಳ ಪಾಲಿನ ಬೀಜವನ್ನು ಎಡಬಲದವರು ಹಂಚಿಕೊಂಡು ಸುಲಿದು ಮುಗಿಸುತ್ತಿದ್ದರು. ಎಷ್ಟು ದಿನವಾದರೂ ಅಲ್ಲಿ ಬೇರೆಯವರು ಕೂರುವಂತಿಲ್ಲ. ಇದು ಯಾರು ಮಾಡಿದ ನಿಯಮ ಎಂದು ಕೇಳಿದರೆ ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ವಂಡ್ಸೆ ಕಡೆಯ ಒಬ್ಬಾಕೆ ಮಗಳ ಬಾಣಂತನಕ್ಕೆಂದು ರಜೆ ಹಾಕಿದಳು. ಒಂದು ವಾರ ಸುಮ್ಮನಿದ್ದೆ. ಎರಡನೆಯ ವಾರ ಹೊಸಬಳೊಬ್ಬಳನ್ನು ಕರೆಸಿ ಆ ಮಣೆಯ ಮೇಲೆ ಕೂರಿಸಿದೆ.

"ಅಮ್ಮ, ಅವ್ಳ್ ಬತ್ಲ್ ಅಲ್ದಾ?" ಎಂದಳು ಪಕ್ಕದವಳು.

"ಬಂದಾಗ ನೋಡೋಣ" ಎಂದೆ.

ಬಂದಳು. ಬಾಗಿಲಲ್ಲಿ ನಿಂತು ತನ್ನ ಜಾಗ ನೋಡಿದಳು. ಬಂದ ಕಾಲಲ್ಲೇ ಹೊರಟುಹೋದಳು. ಬೇರೆ ಮಣೆ ಇದೆಯೆಂದು ನಾನು ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳಿಸಿಯೇ ಇರಬೇಕು.

ಅಂದಿನಿಂದ ಹಾಲ್‌ನಲ್ಲಿ ಮಾತು ನಿಂತಿತು. ತಂತಮ್ಮ ಪಾಲಿನ ಕೆಲಸವೇನೋ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಚಾರ್ಟಿನ ಪ್ರಕಾರ ನಾನು ಗೆದ್ದಿದ್ದೆ. ಆದರೆ ಯಾರಾದರೂ ಬಾರದ ದಿನ ಅವಳ ಪಾಲನ್ನು ಒಬ್ಬರೂ ಮುಟ್ಟುತ್ತಿರಲಿಲ್ಲ. ಹಾಲ್ ಪಕ್ಕದ ನನ್ನ ಗಾಜಿನ ಆಫೀಸು ಕೋಣೆಯೊಳಗೆ ಇಷ್ಟು ದಿನ ನನಗೆ ಜೊತೆಯಾಗಿದ್ದದ್ದು ಅವರ ಹರಟೆಯ ಸದ್ದೇ ಎಂಬುದು ಅದು ನಿಂತ ಮೇಲೆ ತಿಳಿಯಿತು. ನಿಜಕ್ಕೂ ಹೆದರಿದೆ. ಹೇಗಾದರೂ ಅವಳನ್ನು ವಾಪಸ್ ಕರೆತರಲೇಬೇಕಿತ್ತು.

ಭಾನುವಾರ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಬೆಲ್ಲ, ನೀರು ಕೊಟ್ಟು ಕೂರಿಸಿದಳು. ತಪ್ಪಾಯಿತು ಎಂದೆ. ನಿಮ್ಮ ಮಣೆ ನಿಮಗೇ ಕೊಡುತ್ತೇನೆ, ಬನ್ನಿ ಎಂದೆ.

"ಅದ್ ನೀವ್ ಕೊಡುದಲ್ಲ ಅಮ್ಮ. ಬದಿಯರ್ ಇಟ್ಕಂಬುದ್."

ಮಣೆ ಉಳಿಸಿಡುವವರು ಪಕ್ಕದಲ್ಲಿ ಕೂರುವವರು ಎಂಬುದನ್ನು ಸಿಟ್ಟಿಲ್ಲದೆ, ಮಗುವಿಗೆ ಹೇಳಿದ ಹಾಗೆ ಹೇಳಿದಳು. ಆಮೇಲೆ ಕೇಳಿದಳು: "ನೀವ್ ನಾಕ್ ದಿನ ಬರ್ದಿರೆ ನಿಮ್ ಕೆಲ್ಸ ಯಾರ್ ಮಾಡ್ತ್ರ್?"

"ಹೆಡ್ ಆಫೀಸಿನವರು ಬೇರೆ ಯಾರನ್ನಾದರೂ ಕಳಿಸುತ್ತಾರೆ" ಎಂದೆ.

ಸೋಮವಾರ ಅವಳು ಬಂದಳು. ಹೊಸಬಳು ತಾನಾಗಿಯೇ ಎದ್ದಳು. ಹೆಂಗಸರು ಅಷ್ಟಿಷ್ಟು ಜರುಗಿ ಆ ಹೊಸಬಳಿಗೂ ಸಾಲಿನ ಕೊನೆಯಲ್ಲೊಂದು ಮಣೆ ಹಾಕಿದರು. ನನ್ನನ್ನು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಹಾಲ್‌ನಲ್ಲಿ ಮತ್ತೆ ನಗು, ಗಲಾಟೆ. ನಾನು ಚಾರ್ಟ್ ಹರಿದು ಬುಟ್ಟಿಗೆ ಹಾಕಿದೆ.

ಮಧ್ಯಾಹ್ನ ಅವರೆಲ್ಲ ಉಣ್ಣಲು ದುಂಡಗೆ ಕೂತಾಗ, ಧೈರ್ಯ ಮಾಡಿ ನನ್ನ ಬುತ್ತಿ ಹಿಡಿದು ಬಾಗಿಲ ತನಕ ಹೋದೆ. ಮಾತು ತಟ್ಟನೆ ನಿಂತಿತು. ಎಲ್ಲರೂ ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತರು.

"ಎಂತ ಅಮ್ಮ, ಎಂತಾರೂ ಬೇಕಿತ್ತಾ?"

"ಏನಿಲ್ಲ, ಊಟ ಮಾಡಿ" ಎಂದು ಹೇಳಿ ಗಾಜಿನ ಕೋಣೆಗೆ ಮರಳಿದೆ.