ಪೆಟ್ಟಿಗೆಯಲ್ಲಿದ್ದ ನೀಲಿ ತುಂಡು

ಬಟ್ಟೆ ಹೊಲಿಯುವ ಅಕ್ಕನಿಗೆ ಇಬ್ಬರು ತಮ್ಮಂದಿರು. ದೊಡ್ಡವನು ಸೈನಿಕ, ಗಾಯಗೊಂಡವರನ್ನು ಹೊತ್ತು ತರಲು ಹೋಗಿ ಗಡಿಯಲ್ಲಿ ಎಡಗಾಲು ಕಳೆದುಕೊಂಡ. ಈಗ ಅವಳ ಅಂಗಡಿಯಲ್ಲೇ ಕೂತು ಗುಂಡಿ ಹಚ್ಚುತ್ತಾನೆ. ಅವನ ಪ್ರತಿ ಹೊಸ ಪ್ಯಾಂಟಿನ ಎಡಗಾಲನ್ನು ಅಕ್ಕ ಮೊಣಕಾಲಿನ ಬಳಿ ಕತ್ತರಿಸಿ ಹೊಲಿಯುತ್ತಾಳೆ. ಉಳಿದ ತುಂಡನ್ನು ಎಸೆಯಲು ಮನಸ್ಸು ಬಾರದೆ ಪೆಟ್ಟಿಗೆಯಲ್ಲಿಡುತ್ತಾಳೆ.

ಚಿಕ್ಕವನು ಒಂದು ಕಾಲಕ್ಕೆ ಊರೇ ಹೆಗಲ ಮೇಲೆ ಹೊತ್ತು ಕುಣಿದ ಓಟಗಾರ. ಹೆಸರು ಬಂದದ್ದೇ ತಡ, ಅಭ್ಯಾಸಕ್ಕೆ ಎಳ್ಳುನೀರು ಬಿಟ್ಟು ಬಾಟಲಿ ಹಿಡಿದ. ಒಂದು ದಿನ ಯಾವುದೋ ಅಂಗಡಿಯ ಉದ್ಘಾಟನೆಗೆ ಹೋಗಬೇಕೆಂದು ತಂಡದ ಹಳೆಯ ನೀಲಿ ಕೋಟು ತಂದ. ಹೊಟ್ಟೆಯ ಮೇಲೆ ಗುಂಡಿ ಕೂಡುತ್ತಿರಲಿಲ್ಲ.

"ಪಕ್ಕಕ್ಕೆ ಬಟ್ಟೆ ಕೊಟ್ಟು ಅಗಲ ಮಾಡಕ್ಕಾ, ಬೇಗ."

ಅಕ್ಕನ ಬಳಿ ಬೇರೆ ನೀಲಿ ಬಟ್ಟೆ ಇರಲಿಲ್ಲ. ಸೈನಿಕನೇ ಪೆಟ್ಟಿಗೆಯಿಂದ ತನ್ನ ಪ್ಯಾಂಟಿನ ತುಂಡು ತೆಗೆದು, "ಇದು ಹೊಂದುತ್ತೆ ನೋಡು, ನನಗೇನಕ್ಕೆ?" ಎಂದ.

ಚಿಕ್ಕವನು ಮಾನಗೆಟ್ಟು ಕೈಚಾಚಿದ.

ಅಕ್ಕನ ಮೈ ಉರಿದುಹೋಯಿತು. ತುಂಡನ್ನು ಕಿತ್ತುಕೊಂಡು, ಕೋಟನ್ನು ಅವನ ಮುಖಕ್ಕೇ ಎಸೆದಳು.

"ಇವನ ಕಾಲು ಹೋಗಿದ್ದು ನಿನ್ನ ಹೊಟ್ಟೆ ಮುಚ್ಚೋಕಲ್ಲ ಕಣೋ! ಕೋಟು ಹಾಕ್ಕೋಬೇಕಾ? ಓಡಿ ಹೊಟ್ಟೆ ಕರಗಿಸು. ಎರಡು ಕಾಲೂ ಉಳಿದಿರೋದು ನಿನಗೇ ತಾನೆ!"