ಕಾಪು ಬಸ್ಸಿಗೆ ಬಂದ ‘ಬ್ಯಾಂಕಿನ’ ಕರೆ

ಸ್ನೇಹಿತರೇ, ಬೆಳಿಗ್ಗೆಯ ಬೆರಗು ಇನ್ನೂ ಇಳಿದಿಲ್ಲ.

ಕಾಪುವಿನಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸಿಗೆ ಒಂದು ಫೋನು ಬಂತು. ಬಸ್ಸಿನ ಗದ್ದಲದಲ್ಲಿ ಕೇಳಿಸದೆ ಅವರು ಸ್ಪೀಕರ್ ಹಾಕಿದರು.

“ಬ್ಯಾಂಕಿನಿಂದ ಮಾತಾಡ್ತಿದ್ದೇವೆ ಮೇಡಂ. ನಿಮ್ಮ ಕೆವೈಸಿ ಅವಧಿ ಮುಗಿದಿದೆ. ಈಗಲೇ ಒಟಿಪಿ ಹೇಳದಿದ್ದರೆ ಅಕೌಂಟ್ ಬ್ಲಾಕ್ ಆಗ್ತದೆ.”

ಅವರ ಮುಖ ಬಿಳಚಿಕೊಂಡಿತು. “ಅಯ್ಯೋ, ನಮ್ಮವರು ಮಸ್ಕತ್‌ನಿಂದ ಕಳಿಸಿದ್ದೆಲ್ಲ ಅದರಲ್ಲೇ ಉಂಟು!” ಎನ್ನುತ್ತ ಮೆಸೇಜ್ ತೆರೆದು, “ನಾಲ್ಕು, ಏಳು…” ಎಂದು ಓದತೊಡಗಿದರು.

“ಅಕ್ಕಾ, ಹೇಳ್ಬೇಡಿ!” ಎಂದು ಹಿಂದಿನ ಸೀಟಿನ ಕಾಲೇಜು ಹುಡುಗಿ ಕೂಗಿದಳು. ಮರುಕ್ಷಣ ಇಡೀ ಬಸ್ಸೇ ಕೂಗಿತು: “ಹೇಳ್ಬೇಡಿ!”

ಫೋನಿನವನು ತಬ್ಬಿಬ್ಬಾದ. “ಯಾರದು?”

“ಬಸ್ಸಿನವರು” ಎಂದರು ಆಕೆ. ದನಿ ಗಟ್ಟಿಯಾಗಿತ್ತು. “ನಾನು ಈಗ ಬ್ಯಾಂಕಿಗೇ ಹೋಗ್ತೇನೆ.”

“ಬ್ಯಾಂಕಿಗೆ ಹೋಗ್ಬೇಡಿ ಮೇಡಂ!”

“ಎಂತ ಮಾರಾಯ, ಬ್ಯಾಂಕಿನವರೇ ಬ್ಯಾಂಕಿಗೆ ಹೋಗ್ಬೇಡಿ ಅಂತ ಹೇಳ್ತಾರಾ?”

ಕರೆ ಕಟ್ಟಾಯಿತು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಉಡುಪಿಯಲ್ಲಿ ಇಳಿದ ಮೇಲೆ ಆ ಹುಡುಗಿ ಕ್ಲಾಸು ಬಿಟ್ಟು ಅಕ್ಕನ ಜೊತೆ ಬ್ಯಾಂಕಿಗೆ ಹೊರಟಳು. ನಾನೂ ಹೋದೆ. ಹಣ ಹಾಗೇ ಇತ್ತು. ಆ ಕರೆ ತಮ್ಮದಲ್ಲ, ಫೋನಿನಲ್ಲಿ ತಾವು ಒಟಿಪಿ ಕೇಳುವುದೇ ಇಲ್ಲ ಎಂದರು ಮ್ಯಾನೇಜರ್. ಅಕ್ಕ ಅಲ್ಲೇ ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟರು.

ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದ ಜನ ಹೀಗೆ ಒಂದೇ ದನಿಯಾದದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬ ವಿಷಯದಲ್ಲಿ ಮಾತ್ರ ಈ ಬಸ್ಸು ಎಂದೂ ಒಂದಾದದ್ದಿಲ್ಲ.