ಬಯೋಡೇಟಾ ಹಾಕಿದ ಜಾಗ

ದೇವದುರ್ಗದ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿಯಾಗಿದ್ದೆ. ಮನೆ ರಾಯಚೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಮದುವೆಯಾದ ವರ್ಷ ಸೇರಿದ ಕೆಲಸ. ಮಗಳು ಹೈಸ್ಕೂಲಿಗೆ ಬಂದರೂ ಅದೇ ಕುರ್ಚಿಯಲ್ಲಿ ಕೂತಿದ್ದೆ. ಮೊದಮೊದಲು ಪುಸ್ತಕಕ್ಕಾಗಿ ಹುಡುಗರು ಬಾಗಿಲ ಹೊರಗೂ ಸಾಲು ನಿಲ್ಲುತ್ತಿದ್ದರು. ಬರಬರುತ್ತ ಪರೀಕ್ಷೆಗೆ ಬೇಕಾದ್ದೆಲ್ಲ ಅವರ ಮೊಬೈಲಿಗೇ ಬರತೊಡಗಿತು. ಕಾಲೇಜಿಗೆ ಸೇರುವವರೂ ಕಡಿಮೆಯಾದರು. ಒಂದು ಚಳಿಗಾಲ ಗ್ರಂಥಾಲಯದ ನಡುವೆ ಪ್ಲೈವುಡ್ ಗೋಡೆ ಎಬ್ಬಿಸಿ ಅರ್ಧವನ್ನು ಕಂಪ್ಯೂಟರ್ ಕೋಣೆ ಮಾಡಿದರು. ನನಗೆ ಯಾರೂ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬೇರೆ ಕೆಲಸ ನೋಡಿಕೊ ಎಂದವರು ನನ್ನ ಗಂಡ. ಅವರು ಶಕ್ತಿನಗರದಲ್ಲಿ ಗುತ್ತಿಗೆಯ ಮೇಲೆ ವೆಲ್ಡಿಂಗ್ ಮಾಡುತ್ತಾರೆ. ಕೆಲಸ ಹೋಗುವ ಸದ್ದು ಅವರಿಗೆ ಬೇಗ ಕೇಳಿಸುತ್ತದೆ. ಒಂದು ಭಾನುವಾರ ಇಬ್ಬರೂ ಸ್ಟೇಷನ್ ರಸ್ತೆಯ ಇಂಟರ್‌ನೆಟ್ ಸೆಂಟರಿಗೆ ಹೋದೆವು. ಅದನ್ನು ನಡೆಸುವ ಹೆಂಗಸು ನನ್ನ ಬಯೋಡೇಟಾ ಟೈಪ್ ಮಾಡಿ ಮುಗಿಸಿ, ಎಲ್ಲಿ ಹಾಕಲಿ ಎಂದು ಕೇಳಿದಳು. ಅಂಥ ಜಾಗ ಒಂದೇ ಇರುತ್ತದೆ ಎಂದುಕೊಂಡಿದ್ದೆ. ದೇಶಕ್ಕೆಲ್ಲ ಒಂದೇ ಆದ ದೊಡ್ಡ ತಾಣವಿತ್ತು, ಶಾಲೆ ಕಾಲೇಜಿನವರಿಗಷ್ಟೇ ಇರುವ ಇನ್ನೊಂದಿತ್ತು, ನಮ್ಮ ಜಿಲ್ಲೆಯವರೇ ಯಾರೋ ನಡೆಸುವ ಉದ್ಯೋಗದ ಪುಟವಿತ್ತು.

ನಾನು ದೊಡ್ಡದನ್ನು ಆರಿಸಿದೆ. ಈಗ ಕೆಲಸ ಮಾಡುತ್ತಿರುವ ಸಂಸ್ಥೆಯವರಿಗೆ ಕಾಣದ ಹಾಗೆ ಬಯೋಡೇಟಾ ಮರೆಮಾಡುವ ಅನುಕೂಲ ಅದರಲ್ಲಿ ಮಾತ್ರ ಇತ್ತು. ಊರುಗಳ ಸಾಲಿನಲ್ಲಿ ದೇವದುರ್ಗ ಸಿಗಲಿಲ್ಲ, ಪಕ್ಕದ ಮಾನ್ವಿಯೂ ಸಿಗಲಿಲ್ಲ. ರಾಯಚೂರು ಒತ್ತಿದೆವು.

ಫೋನುಗಳು ಬಂದವು. ವಿಮೆ ಮಾರುತ್ತೀರಾ ಎಂದು ಕೇಳಿದರು, ಯಾವುದೋ ಕೋರ್ಸಿಗೆ ಸೇರಿ ಎಂದರು. ಒಬ್ಬರು ಮಾತ್ರ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ, ನಮ್ಮ ಕಾಲೇಜಿಗೆ ಗ್ರಂಥಪಾಲಕರು ಬೇಕು, ನಾಳೆಯೇ ಬರಲಾದೀತೇ ಎಂದರು. ಪೆನ್ನು ತೆಗೆದುಕೊಂಡೆ. ವಿಳಾಸ ಕೇಳಿದೆ. ಅದು ಛತ್ತೀಸ್‌ಗಢದ ರಾಯಪುರ. ನಾನು ರಾಯಚೂರು ಎಂದು ಎರಡು ಸಲ ಹೇಳಿದ ಮೇಲೆ ಅವರು ಕ್ಷಮಿಸಿ ಎಂದು ಫೋನಿಟ್ಟರು. ಆಮೇಲೆ ಆ ತಾಣದಿಂದ ಯಾರೂ ಕರೆಯಲಿಲ್ಲ.

ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸುವ, ಮಾನ್ವಿ ಕಡೆಯ ಗೆಳತಿಯೊಬ್ಬರಿಗೆ ಇದನ್ನು ಹೇಳಿಕೊಂಡೆ. ಅವರು ಊಟದ ಡಬ್ಬಿ ಮುಚ್ಚುತ್ತ ಅಂದರು, "ಅಲ್ಲಿ ನಿಮ್ಮನ್ನ ಯಾರು ನೋಡ್ತಾರ್ರಿ ಮೇಡಂ? ಮಾನ್ವಿ ಸಾಲಿಯವ್ರು ಅದನ್ನ ತೆಗೆದು ನೋಡ್ತಾರಂತ ಮಾಡೀರೇನು? ಅವ್ರು ನೋಡೋದು ನಮ್ಮ ಜಿಲ್ಲಾದ ಪುಟ."

"ನಮ್ಮ ಸಾವ್ಕಾರ್ರೂ ಅದನ್ನೇ ನೋಡ್ತಾರಲ್ರಿ," ಅಂದೆ.

ಸಾವ್ಕಾರ್ರು ಅಂದರೆ ನಮ್ಮ ಕಾಲೇಜಿನ ಕಾರ್ಯದರ್ಶಿ. ಅಕ್ಕಿ ಗಿರಣಿ ಅವರದು. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ. ಹಾಕಿದರೆ ಎಲ್ಲರಿಗೂ ಕಾಣುತ್ತದೆ, ಹಾಕದಿದ್ದರೆ ಕೆಲಸ ಕೊಡುವವರಿಗೂ ಕಾಣುವುದಿಲ್ಲ. ಕೊನೆಗೆ ಬೇಸಿಗೆ ಶುರುವಾಗುವ ಹೊತ್ತಿಗೆ, ಫೋಟೊ ಸಮೇತ ಆ ಪುಟದಲ್ಲಿ ಹಾಕಿಸಿದೆ.

ಆ ವಾರವೇ ಮಾನ್ವಿಯ ಒಂದು ಶಾಲೆಯಿಂದ ಕರೆ ಬಂತು. ಹೋದೆ. ಮುಖ್ಯೋಪಾಧ್ಯಾಯಿನಿ ವಯಸ್ಸಾದವರು, ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಪ್ರಶ್ನೆ ಕೇಳಲಿಲ್ಲ. ಸೀದಾ ಮೇಲಿನ ಅಂತಸ್ತಿಗೆ ಕರೆದುಕೊಂಡು ಹೋದರು. ಹೊಸ ಕೋಣೆ, ಹೊಸ ಕಪಾಟುಗಳು, ವಾರ್ನಿಷ್ ವಾಸನೆ ಇನ್ನೂ ಹೋಗಿರಲಿಲ್ಲ. ಒಂದೂ ಪುಸ್ತಕವಿರಲಿಲ್ಲ.

"ಯಾವ್ಯಾವ ಪುಸ್ತಕ ತರಸೋಣಂತ ನೀವೇ ಹೇಳ್ರಿ. ನಮಗ ತಿಳಿಯಂಗಿಲ್ಲ," ಅಂದರು.

ಚಹಾ ಕುಡಿಸಿ, ಅಧ್ಯಕ್ಷರಿಗೆ ಹೇಳಿ ಫೋನ್ ಮಾಡುತ್ತೇನೆ ಎಂದು ಗೇಟಿನವರೆಗೂ ಬಂದು ಕಳಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತುಕೊಂಡೇ ಆ ಕೋಣೆಯನ್ನು ತುಂಬಿಸಿದೆ. ಚಿತ್ರದ ಪುಸ್ತಕ ಕೆಳಗಿನ ಅರೆಯಲ್ಲಿ, ಸಣ್ಣ ಮಕ್ಕಳ ಕೈಗೆ ಸಿಗುವಂತೆ. ಕಿಟಕಿ ಪಕ್ಕ ಒಂದು ಜಮಖಾನೆ. ರಾಯಚೂರು ಬಂದದ್ದೇ ಗೊತ್ತಾಗಲಿಲ್ಲ.

ಎರಡು ದಿನದ ಮೇಲೆ ಸಾವ್ಕಾರ್ರು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಮೊಬೈಲು ನನ್ನ ಕಡೆ ತಿರುಗಿಸಿಟ್ಟು ಕೇಳಿದರು, "ಮೇಡಂ, ಈ ಫೋಟೊ ನಿಮ್ದೇ ಅಲ್ಲೇನ್ರಿ?"

ಹೌದು ಅಂದೆ.

"ನನಗೊಂದು ಮಾತು ಹೇಳಬೌದಿತ್ತು. ಮಂದಿ ಫೋನ್ ಮಾಡಿ ಕಾಲೇಜ್ ಮುಚ್ಚಾಕತ್ತೀರೇನು ಅಂತ ಕೇಳಾಕತ್ತಾರ. ಬರೋ ನಾಕು ಹುಡುಗ್ರೂ ಬರಲಿಲ್ಲಂದ್ರ ಉಳಿದವ್ರ ಗತಿ ಏನ್ರಿ?"

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಈ ತಿಂಗಳು ಮುಗಿಯಲಿ, ಆಮೇಲೆ ಬರುವುದು ಬೇಡ ಎಂದರು. ಕನ್ನಡದ ಗೆಳತಿ ಹೊರಗೆ ನಿಂತಿದ್ದರು. ನನ್ನ ಮುಖ ನೋಡಿ ಅವರ ಕಣ್ಣು ತುಂಬಿತು. ತಾನು ಹೇಳಬಾರದಿತ್ತು ಎಂದರು. ನಾನೇ ಅವರನ್ನು ಸಮಾಧಾನ ಮಾಡಬೇಕಾಯಿತು.

ಮಾನ್ವಿಯಿಂದ ಫೋನ್ ಬರಲಿಲ್ಲ. ಕಾದು ಕಾದು ನಾನೇ ಮಾಡಿದೆ. ಮುಖ್ಯೋಪಾಧ್ಯಾಯಿನಿ ಹೇಳಿದರು, "ನಮ್ಮ ಅಧ್ಯಕ್ಷರು ನಿಮ್ಮ ಸಾವ್ಕಾರ್ರನ್ನ ಕೇಳಿದ್ರಂತವ್ವಾ. ಅವ್ರಿಬ್ರೂ ಬೀಗರು. ನನ್ನ ಕೈಯಾಗ ಏನಿಲ್ಲ, ತಪ್ಪು ತಿಳ್ಕೋಬ್ಯಾಡ." ಅಧ್ಯಕ್ಷರು ಏನು ಕೇಳಿದರು, ಸಾವ್ಕಾರ್ರು ಏನು ಹೇಳಿದರು ಎಂದು ನಾನು ವಿಚಾರಿಸಲಿಲ್ಲ. ಆ ಕಪಾಟುಗಳಿಗೆ ಪುಸ್ತಕ ಬಂದವೋ ಇಲ್ಲವೋ, ಅದೂ ಗೊತ್ತಿಲ್ಲ.

ಜಿಲ್ಲೆಯ ಪುಟದಿಂದ ಬಯೋಡೇಟಾ ತೆಗೆಸಿದೆ. ಅಷ್ಟರಲ್ಲಿ ಅದು ಯಾರ್ಯಾರದೋ ಮೊಬೈಲಿಗೆ ಹೋಗಿತ್ತು. ಗುರುತಿಲ್ಲದ ಗಂಡಸರು ಊಟ ಆಯಿತೇ ಎಂದು ಮೆಸೇಜು ಹಾಕತೊಡಗಿದಾಗ ಗಂಡ ನನ್ನ ಸಿಮ್ ಬದಲಾಯಿಸಿದರು. ಹಳೆಯ ನಂಬರಿಗೆ ಒಳ್ಳೆಯ ಕರೆ ಏನಾದರೂ ಬಂದಿದ್ದರೆ ಅದು ನನಗೆ ತಲುಪಿಲ್ಲ.

ಉಳಿದದ್ದು ಶಾಲೆ ಕಾಲೇಜುಗಳ ತಾಣ. ಹೊಸ ನಂಬರು ಕೊಟ್ಟು ಅಲ್ಲೂ ಬಯೋಡೇಟಾ ಹಾಕಿಸಿದೆ. ಅಲ್ಲಿಂದ ಹೈದರಾಬಾದಿನವರು ಒಮ್ಮೆ ಕರೆದರು. ತೆಲುಗು ಓದಲು ಬರುತ್ತದೆಯೇ ಎಂದರು. ಮಾತಾಡಲು ಬರುತ್ತದೆ, ಅಕ್ಷರ ಗೊತ್ತಿಲ್ಲ ಎಂದೆ. ಅಲ್ಲಿಗೆ ಮುಗಿಯಿತು. ಈಗ ಬರುವ ಜಾಹೀರಾತುಗಳಲ್ಲಿ ವಯಸ್ಸನ್ನು ಮೊದಲೇ ಹಾಕಿರುತ್ತಾರೆ. ನಾನು ಅದನ್ನು ದಾಟಿದ್ದೇನೆ.

ಗಂಡ ಕೆಲಸದಿಂದ ಬಂದು ಕೈಕಾಲು ತೊಳೆದು ಕೂತ ಮೇಲೆ, ಇವತ್ತು ಏನಾದರೂ ಬಂತೇ ಎಂದು ಕೇಳುತ್ತಿದ್ದರು. ಈಚೆಗೆ ಕೇಳುವುದನ್ನು ಬಿಟ್ಟಿದ್ದಾರೆ. ಕೇಳದಿದ್ದರೆ ನನಗೆ ನೋವು ಕಡಿಮೆ ಎಂದು ತಿಳಿದಿರಬೇಕು. ನಾನು ರೊಟ್ಟಿ ಬಡಿಸುತ್ತೇನೆ, ಅವರು ಮಗಳ ಶಾಲೆಯ ಮಾತು ತೆಗೆಯುತ್ತಾರೆ.